ನಿಮ್ಮ ಕಂಪನಿಯ ಇ.ಸಿ. ತೆಗೆಸಿದ್ದೀರಾ?

ಬೆಂಗಳೂರಿನ ಹೊರವಲಯದಲ್ಲಿ ಮೂವತ್ತು ನಲವತ್ತರ ಒಂದು ಸೈಟು ಕೊಳ್ಳಬೇಕೆಂದರೆ ಸಾಕು, ಕನ್ನಡಿಗನೊಳಗಿನ ಪತ್ತೇದಾರ ಎದ್ದು ಕೂರುತ್ತಾನೆ. ಮದರ್ ಡೀಡ್ ಎಲ್ಲಿ, ಆಸ್ತಿಯ ಮೇಲಿನ ಸಾಲಸೋಲ ತೋರಿಸುವ ಮೂವತ್ತು ವರ್ಷದ ಇ.ಸಿ. ಎಲ್ಲಿ, ಖಾತೆ ಎ ಯೋ ಬಿ ಯೋ, ಹಿಂದೆ ಪಕ್ಕದಲ್ಲಿ ರಾಜಕಾಲುವೆ ಇತ್ತೋ, ಮಾರುವವನ ಅಕ್ಕತಂಗಿಯರೆಲ್ಲ ಸಹಿ ಹಾಕಿದ್ದಾರೋ ಎಂದು ಕೆದಕುತ್ತಾನೆ. ವಕೀಲರಿಗೆ ಫೀಸು ತೆತ್ತು ಅಭಿಪ್ರಾಯ ಬರೆಸುತ್ತಾನೆ. ಅಷ್ಟಾದ ಮೇಲೂ ಸಮಾಧಾನವಿಲ್ಲ. ಒಂದು ಭಾನುವಾರ ಮನೆಮಂದಿಯನ್ನೆಲ್ಲ ಕರೆದೊಯ್ದು, ನಾಲ್ಕು ಮೂಲೆಯ ಕಲ್ಲು ಮುಟ್ಟಿ, ಪಕ್ಕದ ಮನೆಯವರನ್ನು "ನೀರು ಎಷ್ಟು ದಿನಕ್ಕೊಮ್ಮೆ ಬಿಡ್ತಾರೆ?" ಎಂದು ವಿಚಾರಿಸಿಯೇ ಅಡ್ವಾನ್ಸು ಕೊಡುತ್ತಾನೆ.

ಆ ಸೈಟಿನ ಸಾಲದ ಕಂತು ಕಟ್ಟಬೇಕಾದವನು ಅವನ ಮಗ. ಕಂತು ಕಟ್ಟಲು ಸಂಬಳ ಕೊಡಬೇಕಾದದ್ದು ಒಂದು ಕಂಪನಿ. ಆ ಕಂಪನಿಯನ್ನು ಒಪ್ಪಿಕೊಳ್ಳುವ ಮುನ್ನ ಮಗರಾಯ ನೋಡುವುದು ಮೂರೇ ಸಂಗತಿ: ಪ್ಯಾಕೇಜಿನ ಅಂಕಿ, ಮೆಟ್ರೋ ಸ್ಟೇಷನ್ನಿನ ದೂರ ಮತ್ತು ಇನ್‌ಸ್ಟಾಗ್ರಾಂನಲ್ಲಿ ಅವರು ಹಾಕಿರುವ ಬೀನ್ ಬ್ಯಾಗಿನ ಫೋಟೊ. ಹಿನ್ನೆಲೆಯಲ್ಲಿ ಟೇಬಲ್ ಟೆನ್ನಿಸ್ ಮೇಜೂ ಕಂಡುಬಿಟ್ಟರೆ ಮುಗಿಯಿತು, ಆಫರ್ ಲೆಟರಿಗೆ ಡಿಜಿಟಲ್ ಸಹಿ ಬಿದ್ದಂತೆಯೇ. ಆ ಮೇಜಿನ ಮೇಲೆ ಚೆಂಡು ಪುಟಿದದ್ದನ್ನು ಕಂಡ ನೌಕರರು ವಿರಳ. ಕೆಲಸ ಬಿಟ್ಟವರು ಒಪ್ಪಿಸಿಹೋದ ಲ್ಯಾಪ್‌ಟಾಪುಗಳನ್ನು ಪೇರಿಸಿಡಲು ಅದಕ್ಕಿಂತ ಅನುಕೂಲವಾದ ಜಾಗ ಇನ್ನೊಂದಿಲ್ಲ.

ಕಂಪನಿಯಾದರೋ ನಮ್ಮ ವಿಷಯದಲ್ಲಿ ಇಂಥ ದಾಕ್ಷಿಣ್ಯ ಇಟ್ಟುಕೊಂಡಿಲ್ಲ. ಅದರ ಬತ್ತಳಿಕೆಯಲ್ಲಿ ಬ್ಯಾಕ್‌ಗ್ರೌಂಡ್ ವೆರಿಫಿಕೇಷನ್ ಎಂಬ ಬ್ರಹ್ಮಾಸ್ತ್ರವಿದೆ. ಎಚ್‌ಆರ್ ಮಂದಿ ಸಲಿಗೆಯಿಂದ ಬಿಜಿವಿ ಅನ್ನುತ್ತಾರೆ. ಹತ್ತನೇ ತರಗತಿಯ ಅಂಕಪಟ್ಟಿಯಿಂದ ಕಾನ್ವೊಕೇಷನ್ ಸರ್ಟಿಫಿಕೇಟಿನವರೆಗೆ ಎಲ್ಲವೂ ಬೇಕು. ಪ್ಯಾನ್, ಆಧಾರ್, ಪಿಎಫ್ ಖಾತೆಯ 12 ಅಂಕಿಯ ಯುಎಎನ್, ಮೂರು ತಿಂಗಳ ಸಂಬಳದ ಚೀಟಿ ಬೇಕು. ಆ ಸಂಬಳ ನಿಜಕ್ಕೂ ಬಂದಿತ್ತೆಂದು ತೋರಿಸಲು ಬ್ಯಾಂಕ್ ಸ್ಟೇಟ್‌ಮೆಂಟು ಬೇಕು. ಶುಕ್ರವಾರ ರಾತ್ರಿಗಳಲ್ಲಿ ಯಾವ ಬಾರಿಗೆ ಎಷ್ಟು ಯುಪಿಐ ಹೋಗಿದೆ ಎಂಬ ವಿವರ ಅದರ ಜೊತೆಗೆ ಪುಕ್ಕಟೆ. ಬಾಗಿಲು ಹಾಕಿ ನಾಲ್ಕು ವರ್ಷವಾದ ಕಂಪನಿಯಿಂದಲೂ ರಿಲೀವಿಂಗ್ ಲೆಟರ್ ತರಬೇಕು. "ಸಾರ್, ಆ ಕಂಪನಿಯೇ ರಿಲೀವ್ ಆಗಿಹೋಗಿದೆ" ಎಂದರೆ, "ಹಾಗಂತ ಅವರ ಲೆಟರ್‌ಹೆಡ್‌ನಲ್ಲೇ ಬರೆಸಿ ತನ್ನಿ" ಎಂಬ ಉತ್ತರ. 2021ರಲ್ಲಿ ಮೂರು ತಿಂಗಳು ಕೆಲಸವಿರಲಿಲ್ಲವೇ? ಆ ಗ್ಯಾಪಿಗೆ ವಿವರಣೆ ಕೊಡಿ. ಅಪ್ಪನಿಗೆ ಕೋವಿಡ್ ಆಗಿತ್ತೇ? ಡಿಸ್‌ಚಾರ್ಜ್ ಸಮ್ಮರಿ ಲಗತ್ತಿಸಿ.

ವಿಳಾಸ ಪರಿಶೀಲನೆಯದು ಇನ್ನೊಂದು ಪ್ರಸಂಗ. ಹುಡುಗ ಬೆಳ್ಳಂದೂರಿನ ಪಿಜಿಯಲ್ಲಿದ್ದರೂ ಖಾಯಂ ವಿಳಾಸ ತಿಪಟೂರು. ಒಂದು ಮಧ್ಯಾಹ್ನ ಬೈಕಿನಲ್ಲಿ ಬಂದ ಅಪರಿಚಿತನೊಬ್ಬ ಗೇಟಿನ ಫೋಟೊ ತೆಗೆಯುತ್ತಾನೆ. ಅಮ್ಮ ಅವನನ್ನು ಬ್ಯಾಂಕಿನ ವಸೂಲಿಯವನೆಂದು ಭಾವಿಸಿ, "ಮಗನೂ ಇಲ್ಲ, ಸಾಲವೂ ಇಲ್ಲ" ಎಂದು ಬಾಗಿಲು ಹಾಕಿಕೊಳ್ಳುತ್ತಾರೆ. ಆತ ಎದುರು ಮನೆಗೆ ಹೋಗುತ್ತಾನೆ. ಎದುರು ಮನೆಯವರಿಗೂ ಇವರಿಗೂ ಚರಂಡಿ ನೀರಿನ ವಿಚಾರದಲ್ಲಿ ಹತ್ತು ವರ್ಷದಿಂದ ಮಾತಿಲ್ಲ. "ಈ ಹುಡುಗ ಗೊತ್ತಾ? ಸ್ವಭಾವ ಹೇಗೆ?" ಎಂಬ ಕಾಲಂ ತುಂಬುವ ಪೆನ್ನು ಈಗ ಅವರ ಕೈಯಲ್ಲಿದೆ. ಎರಡು ಸುತ್ತು ಕೋಡಿಂಗ್, ಒಂದು ಸುತ್ತು ಸಿಸ್ಟಂ ಡಿಸೈನ್, ಮ್ಯಾನೇಜರ್ ಜೊತೆ ಒಂದು ಸುತ್ತು, ಎಲ್ಲ ಗೆದ್ದು ಬಂದವನ ಭವಿಷ್ಯ ಒಂದು ಚರಂಡಿಯ ಇಳಿಜಾರಿನ ಮೇಲೆ ನಿಂತಿದೆ.

ಇಷ್ಟೆಲ್ಲ ಹಾದು ಒಳಗೆ ಹೋದವನ ಮೇಲೂ ಕಣ್ಣು ತಪ್ಪುವುದಿಲ್ಲ. 2022ರಲ್ಲಿ ವಿಪ್ರೋ ಕಂಪನಿ ಪ್ರತಿಸ್ಪರ್ಧಿಗಳಿಗೂ ಕೆಲಸ ಮಾಡಿಕೊಡುತ್ತಿದ್ದರೆಂದು 300 ಜನರನ್ನು ಮನೆಗೆ ಕಳಿಸಿತು. ಒಂದೇ ಕಾಲಕ್ಕೆ ಎರಡು ಕಡೆ ದುಡಿಯುವುದು ವಂಚನೆ ಎಂಬುದು ಉದ್ಯಮದ ಹಿರಿಯರ ನೀತಿವಾಕ್ಯವಾಯಿತು. ಇರಲಿ, ಒಪ್ಪೋಣ. ಆದರೆ 2013ರ ಕಂಪನಿ ಕಾಯ್ದೆಯ 165ನೇ ಕಲಂ ಪ್ರಕಾರ ಒಬ್ಬ ನಿರ್ದೇಶಕ ಏಕಕಾಲಕ್ಕೆ 20 ಕಂಪನಿಗಳಲ್ಲಿ ಕೂರಬಹುದು. ನೌಕರ ಎರಡು ಕಡೆ ಕೂತರೆ ಮೂನ್‌ಲೈಟಿಂಗ್, ನಿರ್ದೇಶಕ ಇಪ್ಪತ್ತು ಕಡೆ ಕೂತರೆ ಅನುಭವದ ಶ್ರೀಮಂತಿಕೆ.

ನಮ್ಮ ಬೀದಿಯಲ್ಲಿ ಒಬ್ಬ ನಿವೃತ್ತ ಶಿರಸ್ತೇದಾರರಿದ್ದಾರೆ. ತಾಲ್ಲೂಕು ಕಚೇರಿಯಲ್ಲಿ ಜೀವಮಾನವೆಲ್ಲ ಕಡತ ಓದಿ ಪಳಗಿದ ಕಣ್ಣು. ಮದುವೆ ಕರೆಯೋಲೆಯನ್ನೂ ಅವರು ಕೆಳಗಿನಿಂದ ಮೇಲಕ್ಕೆ ಓದುತ್ತಾರೆ; ಮೊದಲು ಸಹಿ, ಆಮೇಲೆ ದಿನಾಂಕ, ಕೊನೆಗೆ ವಧೂವರರು. ಅವರ ತಂಗಿಯ ಮಗನಿಗೆ ಒಂದು ಸ್ಟಾರ್ಟಪ್ಪಿನಿಂದ ವರ್ಷಕ್ಕೆ 12 ಲಕ್ಷದ ಆಫರ್ ಬಂತು. ಮನೆಯವರು ಪೇಡ ಹಂಚಿದರು. ಶಿರಸ್ತೇದಾರರು ಪೇಡ ಪಕ್ಕಕ್ಕಿಟ್ಟು, "ಪತ್ರ ತಗೊಂಡು ಬಾ" ಎಂದರು.

ಪತ್ರದ ತಳದಲ್ಲಿ, ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ 21 ಅಕ್ಷರ-ಅಂಕಿಗಳ ಒಂದು ಸಂಖ್ಯೆಯಿತ್ತು. ಅದು ಸಿಐಎನ್, ಅಂದರೆ ಕಂಪನಿಯ ಗುರುತಿನ ಸಂಖ್ಯೆ. ಲೆಟರ್‌ಹೆಡ್‌ನಲ್ಲಿ ಅದನ್ನು ಅಚ್ಚು ಹಾಕಲೇಬೇಕೆಂದು ಕಾನೂನಿದೆ, ಕಣ್ಣಿಗೆ ಕಾಣುವಂತೆ ಹಾಕಬೇಕೆಂದು ಯಾರೂ ಒತ್ತಾಯಿಸಿದಂತಿಲ್ಲ. ಶಿರಸ್ತೇದಾರರು ಭೂತಗನ್ನಡಿ ಹಿಡಿದು ಅದನ್ನು ಸರ್ವೆ ನಂಬರಿನಂತೆ ಬಿಡಿಸತೊಡಗಿದರು. ಮೊದಲ ಅಕ್ಷರ 'ಯು': ಷೇರುಪೇಟೆಯಲ್ಲಿ ನೋಂದಣಿಯಾಗಿಲ್ಲ. ಆಗಿದ್ದರೆ 'ಎಲ್' ಇರುತ್ತಿತ್ತು. ಮುಂದಿನ ಐದು ಅಂಕಿ ಉದ್ಯಮದ ಬಗೆ. ಆಮೇಲೆ 'ಕೆಎ', ನಮ್ಮ ಕರ್ನಾಟಕ. ಅದಾದ ಮೇಲೆ ಹುಟ್ಟಿದ ವರ್ಷ: 2023.

"ಅವರ ಜಾಹೀರಾತಿನಲ್ಲಿ ಎರಡು ದಶಕಗಳ ಅನುಭವ ಅಂತಿದೆಯಲ್ಲೋ?"

"ಅದು ಫೌಂಡರ್‌ಗಳ ಅನುಭವ ಒಟ್ಟು ಸೇರಿಸಿದ್ದು ಮಾವ."

"ಹಾಗಾದ್ರೆ ನಮ್ಮ ಮನೇಲಿ ಎಲ್ಲರ ವಯಸ್ಸು ಕೂಡಿದ್ರೆ ನಾವು ವಿಜಯನಗರದ ಕಾಲದವರು."

ಆ ಸಂಖ್ಯೆ ಹಿಡಿದು ಕೇಂದ್ರ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಪೋರ್ಟಲ್ಲಿಗೆ ಹೋದರೆ ಕಂಪನಿಯ ಮಾಸ್ಟರ್ ಡೇಟಾ ದುಡ್ಡಿಲ್ಲದೆ ಸಿಗುತ್ತದೆ. ಕಂಪನಿ ಬದುಕಿದೆಯೋ, ಪಟ್ಟಿಯಿಂದ ಹೆಸರು ಕಿತ್ತುಹಾಕಲಾಗಿದೆಯೋ, ನಿರ್ದೇಶಕರು ಯಾರು, ಅವರು ಇನ್ನೆಲ್ಲೆಲ್ಲಿ ನಿರ್ದೇಶಕರು, ಕೊನೆಯ ವಾರ್ಷಿಕ ಸಭೆ ನಡೆದದ್ದೆಂದು, ಕೊನೆಯ ಬ್ಯಾಲೆನ್ಸ್ ಶೀಟು ಯಾವ ವರ್ಷದ್ದು, ಎಲ್ಲ ಅಲ್ಲಿದೆ. ನೂರು ರೂಪಾಯಿ ಕಟ್ಟಿದರೆ ಸಲ್ಲಿಸಿದ ಲೆಕ್ಕಪತ್ರಗಳನ್ನೇ ತೆರೆದು ಓದಬಹುದು. ಹುಡುಗ ಲಾಗಿನ್ ಆದ. ಪಾವತಿಯಾದ ಬಂಡವಾಳ ಒಂದು ಲಕ್ಷ ರೂಪಾಯಿ.

"ಒಂದು ಲಕ್ಷದ ಕಂಪನಿ ನಿನಗೆ 12 ಲಕ್ಷ ಕೊಡತ್ತಾ?" ಎಂದರು ಮಾವ.

ಹುಡುಗನೂ ದಡ್ಡನಲ್ಲ. ಹೂಡಿಕೆದಾರರ ಹಣ ಷೇರು ಪ್ರೀಮಿಯಂ ರೂಪದಲ್ಲಿ ಬರುತ್ತದೆ, ಬಂಡವಾಳದ ಅಂಕಿ ಚಿಕ್ಕದಿದ್ದ ಮಾತ್ರಕ್ಕೆ ಕಂಪನಿ ಬೋಗಸ್ ಆಗುವುದಿಲ್ಲ ಎಂದು ವಾದಿಸಿದ. ವಾದ ಸರಿಯಾದದ್ದೇ. ಶಿರಸ್ತೇದಾರರು ಒಪ್ಪಿ, ಬೆರಳನ್ನು ಕೆಳಗಿಳಿಸಿದರು. "ಇದೇನಿದು, ಚಾರ್ಜಸ್?" ಕಂಪನಿ ತನ್ನ ಆಸ್ತಿಯ ಮೇಲೆ ಎತ್ತಿದ ಸಾಲ, ಕೊಟ್ಟ ಬ್ಯಾಂಕು, ದಿನಾಂಕ, ಮೊತ್ತ, ತೀರಿದೆಯೋ ಇಲ್ಲವೋ ಎಂಬ ಪಟ್ಟಿ. ಅವರ ಮುಖ ಅರಳಿತು. "ಅಯ್ಯೋ, ಇದು ಇ.ಸಿ. ಕಣಯ್ಯಾ! ಇಷ್ಟು ದಿನ ಇದನ್ನ ಬಿಟ್ಟು ಬೀನ್ ಬ್ಯಾಗ್ ನೋಡ್ತಿದ್ರಾ ನೀವು?"

ನಿಜವಾದ ನಿಧಿ ಸಿಕ್ಕಿದ್ದು ಭವಿಷ್ಯನಿಧಿಯ ಪೋರ್ಟಲ್ಲಿನಲ್ಲಿ. ಇಪಿಎಫ್‌ಒ ಜಾಲತಾಣದಲ್ಲಿ ಸಂಸ್ಥೆಯ ಹೆಸರು ಹಾಕಿ ಹುಡುಕಿದರೆ, ಅವರು ಯಾವ ತಿಂಗಳ ಪಿಎಫ್ ಯಾವ ದಿನ ಕಟ್ಟಿದರು, ಎಷ್ಟು ಕಟ್ಟಿದರು, ಎಷ್ಟು ನೌಕರರಿಗೆ ಕಟ್ಟಿದರು ಎಂಬ ಪಟ್ಟಿ ಬರುತ್ತದೆ. ಕಟ್ಟಲು ಗಡುವು ಮರುತಿಂಗಳ 15ನೇ ತಾರೀಖು. ಕಂಪನಿಯ ನಾಡಿ ಹಿಡಿಯಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ, ಏಕೆಂದರೆ ದುಡ್ಡು ಬಿಗಿಯಾದಾಗ ಮಾಲೀಕ ಮೊದಲು ಮುಟ್ಟುವುದು ಪಿಎಫ್ ಹಣವನ್ನೇ. ಸಂಬಳ ತಡವಾದರೆ ನೌಕರ ಅಂದೇ ಕೂಗುತ್ತಾನೆ. ಪಿಎಫ್ ತಡವಾದದ್ದು ಅವನಿಗೆ ಮನೆಸಾಲಕ್ಕೋ ಮದುವೆಗೋ ಹಣ ಹಿಂತೆಗೆಯಲು ಹೋದಾಗ ಗೊತ್ತಾಗುತ್ತದೆ. ನಮ್ಮ ಹುಡುಗನ ಕಂಪನಿಯದು ಏಪ್ರಿಲ್‌ನಲ್ಲಿ 140 ಜನರ ಲೆಕ್ಕ, ಜೂನ್‌ನಲ್ಲಿ 96, ಆಗಸ್ಟ್‌ನಲ್ಲಿ 61. ಆಮೇಲಿನ ಎರಡು ತಿಂಗಳ ಸಾಲೇ ಇಲ್ಲ. ಅದೇ ವಾರ ಕಂಪನಿಯ ಲಿಂಕ್ಡ್‌ಇನ್ ಪುಟದಲ್ಲಿ ರಾಕೆಟ್ಟಿನ ಚಿತ್ರದೊಂದಿಗೆ ಒಂದು ಘೋಷಣೆ: "ನಾವು ಹೈಪರ್ ಗ್ರೋತ್ ಹಂತದಲ್ಲಿದ್ದೇವೆ!" ರಾಕೆಟ್ಟು ಮೇಲೇರಲು ತೂಕ ಇಳಿಸಬೇಕಾಗುತ್ತದೆ, ವಿಜ್ಞಾನದಲ್ಲಿ ತಪ್ಪಿಲ್ಲ.

ಇನ್ನು ಆ 12 ಲಕ್ಷದ ಕಥೆ. ಸಿಟಿಸಿ, ಅಂದರೆ ಕಂಪನಿ ನಿಮಗಾಗಿ ಮಾಡುವ ಒಟ್ಟು ಖರ್ಚು, ಅದೇ ಸಂಬಳವೆಂದು ನಂಬಿದವರು ಪುಣ್ಯವಂತರು, ಮೊದಲ ತಿಂಗಳ ಕೊನೆಯ ದಿನದವರೆಗೆ ಸುಖವಾಗಿರುತ್ತಾರೆ. ಮೂಲವೇತನ ಆರು ಲಕ್ಷ ಎಂದಿಟ್ಟುಕೊಳ್ಳಿ. ಕಂಪನಿ ತಾನು ಕಟ್ಟಬೇಕಾದ ಪಿಎಫ್ ಶೇ 12 ಅನ್ನು, ಅಂದರೆ 72 ಸಾವಿರವನ್ನು, ನಿಮ್ಮ ಪ್ಯಾಕೇಜಿನಲ್ಲೇ ಸೇರಿಸಿದೆ. ಗ್ರಾಚುಯಿಟಿ ಶೇ 4.81, ಅಂದರೆ 28,860 ರೂಪಾಯಿ, ಅದೂ ಸೇರಿದೆ. ವೇರಿಯಬಲ್ ಪೇ 1.2 ಲಕ್ಷ, ಹೆಸರೇ ಹೇಳುವಂತೆ ಬರಲೂಬಹುದು, ಬಾರದಿರಲೂಬಹುದು. ನಿಮ್ಮ ವಿಮೆಯ ಕಂತು 15 ಸಾವಿರ, ಅದೂ ನಿಮ್ಮ 'ಸಂಬಳ'. ಇಷ್ಟು ಕಳೆದು, ನಿಮ್ಮ ಪಾಲಿನ ಪಿಎಫ್ ಮುರಿದು, ರಾಜ್ಯ ಸರ್ಕಾರದ 200 ರೂಪಾಯಿ ವೃತ್ತಿ ತೆರಿಗೆಯನ್ನೂ ಕೊಟ್ಟರೆ ತಿಂಗಳಿಗೆ ಕೈಗೆ ಬರುವುದು 74 ಸಾವಿರದ ಆಸುಪಾಸು. ಅಮ್ಮ ಬೀದಿಯಲ್ಲಿ "ತಿಂಗಳಿಗೆ ಲಕ್ಷ" ಎಂದು ಹೇಳಿಯಾಗಿದೆ. ಉಳಿದ 26 ಸಾವಿರವನ್ನು ಹುಡುಗ ಮುಖದ ಕಳೆಯಲ್ಲಿ ತುಂಬಿಕೊಡಬೇಕು.

ಶಿರಸ್ತೇದಾರರು ಗ್ರಾಚುಯಿಟಿಯ ಸಾಲಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ಕೂತರು. ಖಾಯಂ ನೌಕರನಿಗೆ ಅದು ಸಿಗಬೇಕಾದರೆ ಐದು ವರ್ಷ ಸೇವೆಯಾಗಿರಬೇಕು. "ಕಂಪನಿ ಹುಟ್ಟಿ ಐದು ವರ್ಷ ಆಗಿಲ್ಲ. ಹೋದ ವರ್ಷ ಸೇರಿದವರು ಈ ವರ್ಷ ಇಲ್ಲ. ಐದು ವರ್ಷದ ಮೇಲೆ ಕೊಡೋದನ್ನ ಈಗಲೇ ನಿನ್ನ ಸಂಬಳ ಅಂತ ತೋರಿಸಿದ್ದಾರೆ. ಇದು ಅಪಾಯಿಂಟ್‌ಮೆಂಟ್ ಆರ್ಡರೋ, ಪಂಚಾಂಗವೋ?" ಅವರ ಪ್ರಶ್ನೆಗೆ ಎಚ್‌ಆರ್ ಬಳಿ ಉತ್ತರವಿಲ್ಲ. ಏಕೆಂದರೆ ಆ ಎಚ್‌ಆರ್ ಕೂಡ ಸೇರಿ ನಾಲ್ಕು ತಿಂಗಳಾಗಿದೆಯಷ್ಟೆ.

ಕೊಂಚ ಹೆಸರು ಮಾಡಿದ ಕಂಪನಿಯಾದರೆ ಈ ಉಸಾಬರಿಯೆಲ್ಲ ಬೇಡ ಎನ್ನುವವರಿದ್ದಾರೆ. "ಅಷ್ಟು ದೊಡ್ಡ ಕಂಪನಿ, ಅವಾರ್ಡ್ ಬೇರೆ ಬಂದಿದೆ." ಅವಾರ್ಡಿನ ಮಾತು ಬಂತಲ್ಲ, ಹೇಳಿಬಿಡೋಣ. ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್‌ಗೆ 2008ರಲ್ಲಿ ಕಾರ್ಪೊರೇಟ್ ಆಡಳಿತದ ಶ್ರೇಷ್ಠತೆಗಾಗಿಯೇ ಗೋಲ್ಡನ್ ಪೀಕಾಕ್ ಪ್ರಶಸ್ತಿ ಬಂದಿತ್ತು. 2009ರ ಜನವರಿ 7ರಂದು ಅದರ ಅಧ್ಯಕ್ಷ ರಾಮಲಿಂಗ ರಾಜು, ಲೆಕ್ಕದಲ್ಲಿ ತೋರಿಸಿದ ನಗದು ಮತ್ತು ಬ್ಯಾಂಕ್ ಠೇವಣಿಯಲ್ಲಿ 5,040 ಕೋಟಿ ರೂಪಾಯಿ ಇಲ್ಲವೇ ಇಲ್ಲ ಎಂದು ಪತ್ರ ಬರೆದು ಒಪ್ಪಿಕೊಂಡರು. ಚಿನ್ನದ ನವಿಲು ಗರಿ ಬಿಚ್ಚಿ ಕುಣಿದು ನಾಲ್ಕು ತಿಂಗಳೂ ಆಗಿರಲಿಲ್ಲ.

ನಮ್ಮೂರಿನ ಕಿಂಗ್‌ಫಿಷರ್ ಏರ್‌ಲೈನ್ಸ್ 2005ರಲ್ಲಿ ಹಾರಾಟ ಶುರುಮಾಡಿ ಪಂಚತಾರಾ ವಿಮಾನಯಾನವೆಂಬ ಬಿರುದನ್ನೂ ಗಳಿಸಿತ್ತು. 2012ರ ಅಕ್ಟೋಬರ್‌ನಲ್ಲಿ ನೆಲಕ್ಕಿಳಿದಾಗ ನೌಕರರಿಗೆ ತಿಂಗಳುಗಟ್ಟಲೆ ಸಂಬಳ ಬಾಕಿ. ಸಂಬಳದಿಂದ ಕಡಿದ ಆದಾಯ ತೆರಿಗೆಯನ್ನೂ ಸರ್ಕಾರಕ್ಕೆ ಕಟ್ಟಿಲ್ಲವೆಂದು ತೆರಿಗೆ ಇಲಾಖೆ ಬೆನ್ನು ಹತ್ತಿತು. ನಕ್ಷತ್ರ ಐದಿದ್ದವು, ಅವನ್ನು ಬ್ಯಾಂಕಿನಲ್ಲಿ ಜಮಾ ಮಾಡುವಂತಿರಲಿಲ್ಲ.

ತೀರ ಇತ್ತೀಚಿನದು ಬೇಕೆಂದರೆ ಬೈಜೂಸ್. ಭಾರತ ಕ್ರಿಕೆಟ್ ತಂಡದ ಜೆರ್ಸಿಯ ಮೇಲೆ ಹೆಸರು, 2022ರ ಕತಾರ್ ವಿಶ್ವಕಪ್ ಫುಟ್‌ಬಾಲಿನ ಪ್ರಾಯೋಜಕತ್ವ, ರಾಯಭಾರಿಯಾಗಿ ಮೆಸ್ಸಿ. ಅಂದಾಜು ಮೌಲ್ಯ 2,200 ಕೋಟಿ ಡಾಲರ್. ಇಷ್ಟೆಲ್ಲ ಝಗಮಗದ ನಡುವೆ ಒಂದು ಸಣ್ಣ ಮಾಹಿತಿ ಹೆಚ್ಚಿನವರ ಕಣ್ಣಿಗೆ ಚುಚ್ಚಲಿಲ್ಲ: 2021ರ ಮಾರ್ಚ್‌ಗೆ ಮುಗಿದ ವರ್ಷದ ಲೆಕ್ಕ ಹೊರಬಂದದ್ದು 2022ರ ಸೆಪ್ಟೆಂಬರ್‌ನಲ್ಲಿ, 4,588 ಕೋಟಿ ರೂಪಾಯಿ ನಷ್ಟದೊಂದಿಗೆ. 2023ರ ಜೂನ್‌ನಲ್ಲಿ ಲೆಕ್ಕ ಪರಿಶೋಧಕರಾದ ಡೆಲಾಯ್ಟ್ ರಾಜೀನಾಮೆ ಕೊಟ್ಟು ಹೊರಟರು. 2024ರ ಜುಲೈಯಲ್ಲಿ 158 ಕೋಟಿ ಬಾಕಿಯ ತಕರಾರಿನಲ್ಲಿ ಬೆಂಗಳೂರಿನ ಕಂಪನಿ ಕಾನೂನು ನ್ಯಾಯಮಂಡಳಿ ದಿವಾಳಿ ಪ್ರಕ್ರಿಯೆ ಆರಂಭಿಸಿತು. ಅರ್ಜಿದಾರರು ಯಾರು? ಜೆರ್ಸಿಯ ಮೇಲೆ ಹೆಸರು ಹಾಕಿಸಿದ್ದ ಅದೇ ಕ್ರಿಕೆಟ್ ಮಂಡಳಿ. ಮಕ್ಕಳಿಗೆ ಗಣಿತ ಕಲಿಸುವ ಕಂಪನಿಯೇ ತನ್ನ ಲೆಕ್ಕ ಒಪ್ಪಿಸಲು ಒಂದೂವರೆ ವರ್ಷ ತೆಗೆದುಕೊಂಡಾಗ, ಕೆಲಸಕ್ಕೆ ಸೇರಲು ಹೊರಟವರು ಮೆಸ್ಸಿಯ ಕಾಲು ನೋಡುವ ಬದಲು ಆ ತಾರೀಖನ್ನು ನೋಡಬೇಕಿತ್ತು.

ಆನ್‌ಲೈನ್ ವಿಮರ್ಶೆ ಓದಿದರಾಯಿತಲ್ಲ ಎನ್ನುತ್ತೀರಿ. ಓದಿ, ಜೊತೆಗೆ ಅಂಗಡಿ ಯಾರದೆಂದೂ ತಿಳಿದಿರಿ. ಕಂಪನಿಗಳಿಗೆ ಅಂಕ ಕೊಡುವ ಆ್ಯಂಬಿಷನ್‌ಬಾಕ್ಸ್, ಅದೇ ಕಂಪನಿಗಳಿಂದ ದುಡ್ಡು ಪಡೆದು ಉದ್ಯೋಗ ಜಾಹೀರಾತು ಹಾಕುವ ನೌಕ್ರಿ, ಎರಡೂ ಇನ್ಫೋ ಎಡ್ಜ್ ಮನೆಯ ಮಕ್ಕಳು. ಗ್ಲಾಸ್‌ಡೋರ್ ಮತ್ತು ಇಂಡೀಡ್, ಎರಡಕ್ಕೂ ಜಪಾನಿನ ರಿಕ್ರೂಟ್ ಹೋಲ್ಡಿಂಗ್ಸ್ ಒಡೆಯ. ವಿಮರ್ಶೆಗಳೆಲ್ಲ ಸುಳ್ಳೆಂದು ಇದರರ್ಥವಲ್ಲ, ಓದುವ ಕ್ರಮ ಗೊತ್ತಿರಬೇಕು. ಒಂದೇ ಮಂಗಳವಾರ ಹದಿನಾಲ್ಕು ಜನ ಐದೈದು ನಕ್ಷತ್ರ ಕೊಟ್ಟಿದ್ದರೆ, ಸೋಮವಾರ ಎಚ್‌ಆರ್ ಮೀಟಿಂಗ್ ನಡೆದಿದೆ ಎಂದು ತಿಳಿಯಿರಿ. 'ದೋಷಗಳು' ಎಂಬ ಕಾಲಮಿನಲ್ಲಿ "ಇಲ್ಲಿನ ಜನ ತುಂಬಾ ಒಳ್ಳೆಯವರು, ಮನೆಗೆ ಹೋಗಲು ಮನಸ್ಸೇ ಬರುವುದಿಲ್ಲ" ಎಂದಿದ್ದರೆ ಬರೆದವನ ಪ್ರಮೋಷನ್ ಬಾಕಿಯಿದೆ. ಒಂದು ನಕ್ಷತ್ರದವರಲ್ಲಿ ಕೆಲವರು ಅವತ್ತೇ ಕೆಲಸ ಕಳೆದುಕೊಂಡು ಉರಿಯುತ್ತಿರುವವರು. ಮೂರು ನಕ್ಷತ್ರದ ಉದಾಸೀನದ ಬರಹದಲ್ಲಿ ಸತ್ಯ ಸಿಗುವ ಸಂಭವ ಹೆಚ್ಚು. ಇನ್ನು 'ಕೆಲಸಕ್ಕೆ ಅತ್ಯುತ್ತಮ ತಾಣ' ಎಂಬ ಪ್ರಮಾಣಪತ್ರ ಗೋಡೆಯ ಮೇಲಿದ್ದರೆ, ಆ ಸಮೀಕ್ಷೆಯ ಶುಲ್ಕ ಕಟ್ಟಿದವರು ಯಾರೆಂದು ಒಮ್ಮೆ ವಿಚಾರಿಸಿ.

ಪೋರ್ಟಲ್ಲು, ಪ್ರಮಾಣಪತ್ರ ಎಲ್ಲಕ್ಕಿಂತ ತಾಜಾ ಮಾಹಿತಿ ಬೇಕೆಂದರೆ ಕಂಪನಿಯ ಗೇಟಿನೆದುರಿನ ಚಹಾದ ತಳ್ಳುಗಾಡಿಗೆ ಹೋಗಬೇಕು. ಔಟರ್ ರಿಂಗ್ ರೋಡಿನ ಅಂಥ ಒಂದು ಗಾಡಿಯವನ ಅರ್ಥಶಾಸ್ತ್ರ ಕೇಳಿದ್ದೇನೆ. "ಸಂಬಳ ಲೇಟಾದ್ರೆ ಸಾರ್, ಫೈನಾನ್ಸ್‌ನವರಿಗಿಂತ ಮೊದಲು ನನಗೆ ಗೊತ್ತಾಗತ್ತೆ. ಫುಲ್ ಟೀ ಕುಡಿಯೋರು ಬೈ ಟೂ ಕೇಳ್ತಾರೆ. ಪ್ಯಾಕ್ ತಗೊಳ್ಳೋರು ಒಂದೇ ಸಿಗರೇಟು ತಗೊಂಡು ಇಬ್ಬರು ಸೇದ್ತಾರೆ. ಫೋನ್‌ಪೇ ಡಬ್ಬ ಸುಮ್ಮನಾಗತ್ತೆ, ಬಾಕಿ ಬರೆಯೋ ಪುಸ್ತಕ ದಪ್ಪ ಆಗತ್ತೆ." ಮೂರನೇ ಮಹಡಿಯವರು ರಾತ್ರಿ ಎಷ್ಟು ಹೊತ್ತಿಗೆ ಹೊರಡುತ್ತಾರೆ, ಶನಿವಾರ ಎಷ್ಟು ಬೈಕು ನಿಂತಿರುತ್ತವೆ, ಅಳುತ್ತಾ ಕೆಳಗಿಳಿದು ಬಂದವರು ಯಾವ ಟೀಮಿನವರು ಎಂಬ ವರದಿಯೂ ಅವನಲ್ಲಿದೆ. ಶುಲ್ಕ ಒಂದು ಕಟಿಂಗ್ ಚಹಾ.

ಇದೆಲ್ಲ ಸಂಬಳ ಹೋಗುವ ಮಟ್ಟದ ಮಾತು. ವಿಚಾರಿಸದೆ ಹೊರಟರೆ ಪ್ರಾಣಕ್ಕೇ ಬರುವ ಆಫರುಗಳೂ ಇವೆ, ಅಲ್ಲಿ ನಗುವುದು ಕಷ್ಟ. ಸಹಾಯಕನ ಕೆಲಸ, ಸೆಕ್ಯುರಿಟಿ ಕೆಲಸ ಎಂದು ನಂಬಿ ರಷ್ಯಾಕ್ಕೆ ಹೋದ ಕಲಬುರಗಿಯ ಯುವಕರು ಯುಕ್ರೇನ್ ಯುದ್ಧದ ನಡುವೆ ಸಿಕ್ಕಿಬಿದ್ದದ್ದು 2024ರಲ್ಲಿ ಸುದ್ದಿಯಾಯಿತು. ಥಾಯ್ಲೆಂಡಿನಲ್ಲಿ ಡೇಟಾ ಎಂಟ್ರಿ ಎಂಬ ಮಾತು ನಂಬಿ ಹೊರಟವರನ್ನು ಗಡಿ ದಾಟಿಸಿ ಮ್ಯಾನ್ಮಾರಿನ ಸೈಬರ್ ವಂಚನೆಯ ಕೂಪಗಳಿಗೆ ಮಾರಲಾಯಿತು. 2025ರ ಮಾರ್ಚ್‌ನಲ್ಲಿ ವಾಯುಪಡೆಯ ವಿಮಾನಗಳು ಅಂಥ 549 ಭಾರತೀಯರನ್ನು ಹೊತ್ತು ತಂದವು. ವಿದೇಶಕ್ಕೆ ಕಳಿಸುವ ಏಜೆಂಟ್ ನೋಂದಾಯಿತನೋ ಅಲ್ಲವೋ ಎಂದು ಕೇಂದ್ರದ ಇ-ಮೈಗ್ರೇಟ್ ಪೋರ್ಟಲ್ಲಿನಲ್ಲಿ ನೋಡಬಹುದು. ನೋಂದಾಯಿತ ಏಜೆಂಟ್ ಪಡೆಯಬಹುದಾದ ಸೇವಾಶುಲ್ಕಕ್ಕೆ ತೆರಿಗೆ ಬಿಟ್ಟು 30,000 ರೂಪಾಯಿಯ ಮಿತಿಯಿದೆ. ಲಕ್ಷಗಳಲ್ಲಿ ಕೇಳುವವನು ಕೆಲಸ ಕೊಡಿಸುತ್ತಿಲ್ಲ, ನಿಮ್ಮನ್ನೇ ಮಾರುತ್ತಿರಬಹುದು. ಊರಲ್ಲೇ ಇದ್ದರೂ ಇದೇ ಮಾತು: ಲ್ಯಾಪ್‌ಟಾಪ್ ಠೇವಣಿ, ತರಬೇತಿ ಶುಲ್ಕ ಎಂದು ಸೇರುವ ಮೊದಲೇ ದುಡ್ಡು ಕೇಳುವ ಕಂಪನಿಗೆ ನೀವು ನೌಕರರಲ್ಲ, ಗಿರಾಕಿ.

ಹಾಗಾದರೆ ಇಷ್ಟೆಲ್ಲ ಬೆರಳ ತುದಿಯಲ್ಲಿದ್ದೂ ನಾವೇಕೆ ನೋಡುವುದಿಲ್ಲ? ಸೋಮಾರಿತನ ಅನ್ನಬೇಡಿ. ಇಪ್ಪತ್ತೇಳು ಯೂಟ್ಯೂಬ್ ವಿಡಿಯೊ ನೋಡಿ ಇಯರ್‌ಫೋನ್ ಕೊಳ್ಳುವ ಪೀಳಿಗೆ ಇದು. ಇಂಟರ್‌ವ್ಯೂ ಕೊನೆಗೆ "ನಮಗೆ ಕೇಳುವ ಪ್ರಶ್ನೆ ಏನಾದರೂ ಇದೆಯೇ?" ಎಂದು ಅವರೇ ಬಾಯಿಬಿಟ್ಟು ಕರೆದಾಗಲೂ ನಮ್ಮ ಹುಡುಗರು ಕೇಳುವುದು "ಇಲ್ಲಿ ಕಲಿಯಲು ಅವಕಾಶ ಹೇಗಿದೆ ಮೇಡಂ?" ಎಂದು. "ಈ ಕುರ್ಚಿಯಲ್ಲಿ ನನಗಿಂತ ಮುಂಚೆ ಇದ್ದವರು ಯಾಕೆ ಬಿಟ್ಟರು?" ಎಂಬ ಒಂದು ಪ್ರಶ್ನೆ ನಾಲಿಗೆ ತುದಿಗೆ ಬಂದು ಮತ್ತೆ ಗಂಟಲಿಗೆ ಇಳಿದುಹೋಗುತ್ತದೆ. ಕಾರಣ ಸರಳ. ಕಂಪನಿ ನಮ್ಮನ್ನು ಪರೀಕ್ಷಿಸುವುದು ಅದಕ್ಕೆ 'ಬೇಡ' ಎನ್ನುವ ಅನುಕೂಲ ಇರುವುದರಿಂದ. ನಾವು ಪರೀಕ್ಷಿಸದಿರುವುದು 'ಹೂಂ' ಎಂದು ಮೊದಲೇ ತೀರ್ಮಾನಿಸಿರುವುದರಿಂದ. ಹೇಗೂ ಒಪ್ಪಲೇಬೇಕಾದ ಮೇಲೆ ಹುಳುಕು ಗೊತ್ತಾಗಿ ಆಗುವುದೇನು, ನಿದ್ದೆ ಕೆಡುತ್ತದೆ ಅಷ್ಟೆ. ಶಿಕ್ಷಣ ಸಾಲದ ಕಂತು ಶುರುವಾಗಿರುವ ಗದಗದ ಹುಡುಗಿಗೆ "ಎಲ್ಲ ಸರಿಯಾಗಿ ವಿಚಾರಿಸಿಕೋ ಮಗು" ಎಂದು ಬೋಧಿಸುವುದು, ಒಂದೇ ಬಸ್ಸಿರುವ ಊರಿನಲ್ಲಿ "ಒಳ್ಳೆ ಬಸ್ ಬಂದ್ರೆ ಮಾತ್ರ ಹತ್ತು" ಎಂದಂತೆ.

ತಕ್ಕಡಿ ಎಷ್ಟು ವಾಲಿದೆ ಎಂಬುದಕ್ಕೆ ಮೈಸೂರೇ ಸಾಕ್ಷಿ. 2022ರಲ್ಲಿ ಇನ್ಫೋಸಿಸ್‌ನಿಂದ ಆಫರ್ ಪಡೆದ ಎಂಜಿನಿಯರುಗಳು ಕೆಲಸಕ್ಕೆ ಸೇರಲು ಎರಡು ವರ್ಷಕ್ಕೂ ಹೆಚ್ಚು ಕಾದರು. 2024ರ ಅಕ್ಟೋಬರ್‌ನಲ್ಲಿ ಸೇರಿಸಿಕೊಂಡು, ಆಂತರಿಕ ಪರೀಕ್ಷೆಯಲ್ಲಿ ಮೂರು ಅವಕಾಶದಲ್ಲೂ ಪಾಸಾಗಲಿಲ್ಲವೆಂದು 2025ರ ಫೆಬ್ರವರಿಯಲ್ಲಿ ಮುನ್ನೂರಕ್ಕೂ ಹೆಚ್ಚು ಜನರನ್ನು ಮೈಸೂರು ಕ್ಯಾಂಪಸ್ಸಿನಿಂದ ಕಳಿಸಲಾಯಿತು. ಕಂಪನಿ ಎರಡು ವರ್ಷ ಕಾಯಿಸಿದರೆ ಅದು ಮಾರುಕಟ್ಟೆಯ ಪರಿಸ್ಥಿತಿ. ನೌಕರ 90 ದಿನದ ನೋಟಿಸ್ ಪೀರಿಯಡ್‌ನಲ್ಲಿ ಒಂದು ವಾರ ಕಡಿಮೆ ಕೇಳಿದರೆ ಅದು ವೃತ್ತಿಪರತೆಯ ಕೊರತೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ನೇಮಕಾತಿ ಪತ್ರ ಕಡ್ಡಾಯ ಎನ್ನುತ್ತವೆ, ಕೆಲಸ ಬಿಟ್ಟವನ ಬಾಕಿ ವೇತನವನ್ನು ಎರಡು ಕೆಲಸದ ದಿನದೊಳಗೆ ಚುಕ್ತಾ ಮಾಡಬೇಕೆನ್ನುತ್ತವೆ. ಒಳ್ಳೆಯ ಕಾನೂನು. ಆದರೆ ಹೊರಬಿದ್ದವನಿಗೆ ನೆರವಾಗುವ ಕಾನೂನು ಒಳಹೋಗುವವನ ಕಣ್ಣು ತೆರೆಸಲಾರದು.

ಬೇಡ ಎನ್ನಲಾಗದವನಿಗೂ ಗೊತ್ತಿರುವುದರಿಂದ ಒಂದು ಉಪಯೋಗವುಂಟು. ಗೊತ್ತಿದ್ದು ಸೇರಿದವನು ಮನೆಸಾಲ ಎತ್ತುವ ಮೊದಲು ಆರು ತಿಂಗಳು ತಡೆಯುತ್ತಾನೆ. ಪ್ರತಿ ತಿಂಗಳು 16ನೇ ತಾರೀಖು ಪಿಎಫ್ ಪಾಸ್‌ಬುಕ್ ತೆರೆಯುತ್ತಾನೆ, ಆಗಾಗ ಆದಾಯ ತೆರಿಗೆ ಪೋರ್ಟಲ್ಲಿನಲ್ಲಿ ತನ್ನ ತೆರಿಗೆ ಜಮೆಯಾಯಿತೇ ಎಂದು ನೋಡುತ್ತಾನೆ. ರೆಸ್ಯೂಮೆಯ ಧೂಳು ಕೊಡವಿಯೇ ಇಟ್ಟಿರುತ್ತಾನೆ. ಅವನನ್ನು ಪ್ರೊಬೇಷನ್ನಿನಲ್ಲಿಟ್ಟಿದ್ದೇನೆ ಎಂದು ಕಂಪನಿ ಅಂದುಕೊಂಡಿರುವಾಗ ಕಂಪನಿಯೇ ಅವನ ಪ್ರೊಬೇಷನ್ನಿನಲ್ಲಿರುತ್ತದೆ.

ಶಿರಸ್ತೇದಾರರ ಸೋದರಳಿಯನ ಕಥೆ ಏನಾಯಿತೆಂದು ಹೇಳಬೇಕಲ್ಲ. ಅವನು ಧೈರ್ಯ ಮಾಡಿ ಎಚ್‌ಆರ್‌ಗೆ ಒಂದು ವಿನಯದ ಈಮೇಲ್ ಬರೆದ. ಎರಡೇ ಪ್ರಶ್ನೆ: ಕಳೆದ ಎರಡು ತಿಂಗಳ ಪಿಎಫ್ ಪಾವತಿ ಪೋರ್ಟಲ್ಲಿನಲ್ಲಿ ಕಾಣುತ್ತಿಲ್ಲ, ತಾಂತ್ರಿಕ ಕಾರಣವೇ? ಕಳೆದ ವರ್ಷದ ಬ್ಯಾಲೆನ್ಸ್ ಶೀಟು ಯಾವಾಗ ಸಲ್ಲಿಕೆಯಾಗುತ್ತದೆ? ಸಂಬಳದ ಬಗ್ಗೆ ಮೂರು ವಾರ ಉತ್ತರ ಕೊಡದಿದ್ದ ಎಚ್‌ಆರ್ ಇದಕ್ಕೆ ನಲವತ್ತು ನಿಮಿಷದಲ್ಲಿ ಉತ್ತರಿಸಿತು. ಅವನ ಪ್ರೊಫೈಲ್ ಅತ್ಯುತ್ತಮವಾಗಿದೆಯಂತೆ, ಆದರೆ ತಮ್ಮ ಸಂಸ್ಕೃತಿಗೆ ಹೊಂದುವುದಿಲ್ಲವೆಂದು ಆಫರ್ ಹಿಂಪಡೆಯಲಾಗಿದೆಯಂತೆ.

ಅಮ್ಮ ಅತ್ತರು. ಹಂಚಿದ ಪೇಡ ವಾಪಸು ಕೇಳುವಂತಿರಲಿಲ್ಲ. ಶಿರಸ್ತೇದಾರರು ಮಾತ್ರ ಈಮೇಲಿನ ಪ್ರಿಂಟು ತರಿಸಿ, ಕೆಳಗಿನಿಂದ ಮೇಲಕ್ಕೆ ಓದಿ, ಕಡತಕ್ಕೆ ಸೇರಿಸಿದರು. "ವೆರಿಫಿಕೇಷನ್ ರಿಪೋರ್ಟ್ ಬಂತಲ್ಲ, ಅದೂ ಅವರ ಲೆಟರ್‌ಹೆಡ್‌ನಲ್ಲೇ."

ಮರುವಾರ ಅದೇ ಹುದ್ದೆ ಲಿಂಕ್ಡ್‌ಇನ್‌ನಲ್ಲಿ ಮತ್ತೆ ಕಾಣಿಸಿಕೊಂಡಿತು. ಅದೇ ರಾಕೆಟ್ಟು, ಅದೇ 12 ಲಕ್ಷ. ಅರ್ಹತೆಯ ಪಟ್ಟಿಗೆ ಹೊಸದಾಗಿ ಸೇರಿದ ಸಾಲು ಒಂದೇ: "ಇಮಿಡಿಯೇಟ್ ಜಾಯ್ನರ್‌ಗಳು ಮಾತ್ರ." ಹುಡುಗ ಪುಟ ತೆರೆದಾಗ ಪ್ರಕಟವಾಗಿ ಎರಡು ಗಂಟೆಯೂ ಆಗಿರಲಿಲ್ಲ. ಕೆಳಗೆ ಸಣ್ಣ ಅಕ್ಷರದಲ್ಲಿ ಬಂದಿತ್ತು: ನೂರಕ್ಕೂ ಹೆಚ್ಚು ಜನ ಅರ್ಜಿ ಹಾಕಿದ್ದಾರೆ.